ಪಿಳ್ಳಪ್ಪನ ಮನೆಯಿಂದ ಹೊರಡುವುದು

ಪಿಳ್ಳಪ್ಪನ ಮನೆಗೆ ಹೋಗುವುದು ಸುಲಭ, ಅಲ್ಲಿಂದ ಹೊರಡುವುದೇ ಕಷ್ಟವಾಗಿತ್ತು. ಹೆಸರು ಪಿಳ್ಳಪ್ಪನಾದರೂ ಆಳು ತಲೆಬಾಗಿಲಿಗೆ ತಲೆ ತಾಕುವಷ್ಟು ಎತ್ತರ. ಹೊರಟವರಿಗೆ ಆ ಬಾಗಿಲಲ್ಲೇ ಅಡ್ಡ ನಿಂತು, "ಇವತ್ತಿದ್ದು ನಾಳಿಕ್ ಓಗುವಂತೆ, ಇರ್ಲಾ" ಅನ್ನುತ್ತಿದ್ದ. ಆ ನಾಳೆ ಬಂದಾಗಲೂ ಅದೇ ಮಾತು.

ಇದು ಅವನಿಗೆ ತಾಯಿಯಿಂದ ಬಂದ ಬಳುವಳಿ. ನಾವಿಬ್ಬರೂ ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚು. ರಜೆಯಲ್ಲಿ ಕೊಡಿಗೇಹಳ್ಳಿಯ ಅವನ ಮನೆಗೆ ಹೋದರೆ, ವಾಪಸು ಹೊರಡುವ ಹೊತ್ತಿಗೆ ನನ್ನ ಚಪ್ಪಲಿ ಮಾಯವಾಗಿರುತ್ತಿತ್ತು. ರಾಗಿ ತುಂಬುವ ಮಣ್ಣಿನ ವಾಡೆಗಳ ಪೈಕಿ ಖಾಲಿಯಾದದ್ದೊಂದರಲ್ಲಿ ಅದು ಇರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಹುಡುಕುವ ಶಾಸ್ತ್ರ ಮಾಡಬೇಕು, ಸಿಗಲಿಲ್ಲವೆಂದು ಕೂರಬೇಕು. ಆಮೇಲೆ ಅವರವ್ವ ಕೋಳಿ ಹಿಡಿಯಲು ಹಿತ್ತಲಿಗೆ ಹೋಗುತ್ತಿದ್ದರು. ನಮ್ಮ ಮನೆಗೆ ಅವನು ಬಂದರೆ ನಮ್ಮಮ್ಮನೂ ಹೀಗೇ ಮಾಡುತ್ತಿದ್ದಳು, ಕೋಳಿಯ ಬದಲು ಒಬ್ಬಟ್ಟು ಅಷ್ಟೆ.

ದೊಡ್ಡವನಾದ ಮೇಲೆ ಪಿಳ್ಳಪ್ಪ ಜಕ್ಕೂರಿನ ವಿಮಾನದ ಮೈದಾನದಲ್ಲಿ ಇಂಜಿನ್ ಕೆಲಸ ಕಲಿತ. ಅಲ್ಲಿ ಪರಿಚಯವಾದ ಬಿಳಿ ದೊರೆಯೊಬ್ಬನ ಬೆನ್ನು ಹಿಡಿದು ಇಂಗ್ಲೆಂಡಿಗೇ ಹೋಗಿಬಿಟ್ಟ. ನಾನು ಯಶವಂತಪುರದ ಕಾರ್ಖಾನೆ ಸೇರಿದೆ. ಅರವತ್ತರ ದಶಕದ ಮೊದಲಲ್ಲಿ ಕಾರ್ಖಾನೆಯವರು ತರಬೇತಿಗೆಂದು ನನ್ನನ್ನೂ ಆ ದೇಶಕ್ಕೆ ಕಳಿಸಿದರು. ಹಡಗು ತಪ್ಪಿಸಿಕೊಂಡರೆ ಕೆಲಸವನ್ನೂ ತಪ್ಪಿಸಿಕೊಂಡ ಹಾಗೆ ಎಂದು ಮ್ಯಾನೇಜರು ಹೊರಡುವಾಗಲೇ ಗದರಿದ್ದರು. ತರಬೇತಿ ಮುಗಿದು ಉಳಿದ ಒಂದು ವಾರವನ್ನು ಪಿಳ್ಳಪ್ಪನ ಜೊತೆ ಕಳೆಯಲು ಹೋದೆ.

ಅವನು ಮಿಸೆಸ್ ಬಾರ್ನ್ಸ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಆಕೆ ಬಾಗಿಲು ತೆರೆದವಳೇ ನಗುನಗುತ್ತಾ, ಹೊರಡುವುದು ಯಾವತ್ತು ಎಂದು ಕೇಳಿದಳು. ಹಾಸಿಗೆ ವ್ಯವಸ್ಥೆಗಾಗಿ ಕೇಳಿದ್ದು, ಪಾಪ. ಪಿಳ್ಳಪ್ಪನ ಮುಖ ಕಪ್ಪಿಟ್ಟಿತು. "ನೋಡ್ದೇನ್ಲಾ? ಒಳಿಕ್ ಕಾಲಿಡಾಕ್ ಮುಂಚೇನೇ ಯಾವಾಗ್ ಓಯ್ತೀಯ ಅಂತಾರೆ! ಇಲ್ಲಿ ಬಂದೋರ್ನ ಯಾರೂ ಇಡ್ಕಣಾಕಿಲ್ಲ ಕಣ್ಲಾ. ನಾನ್ ಓಯ್ತೀನಿ ಅಂದ್ರೆ ಓಗು ಅಂದ್ಬುಡ್ತಾರೆ." ಇಷ್ಟು ವರ್ಷವಾದರೂ ಆ ಸಂಕಟ ಅವನಿಗೆ ಹೋಗಿರಲಿಲ್ಲ.

ಆ ವಾರವೆಲ್ಲ ಓಟ್ಸ್ ಹಿಟ್ಟಿನ ಮುದ್ದೆ. ಹಿಟ್ಟು ತೊಳಸಲು ಕೋಲಿಲ್ಲದೆ ಎಲ್ಲಿಂದಲೋ ಕ್ರಿಕೆಟ್ ಸ್ಟಂಪು ತಂದಿಟ್ಟುಕೊಂಡಿದ್ದ. ಮಿಸೆಸ್ ಬಾರ್ನ್ಸ್ ಗೌರವದಿಂದ ಮುದ್ದೆಯನ್ನು ಚಾಕುವಿನಿಂದ ಕೊಯ್ದು ಅಗಿಯತೊಡಗಿದರೆ, "ನೋ ಚೂ, ಮೇಡಂ, ಓನ್ಲಿ ಸ್ವಾಲೋ!" ಎಂದು ಇವನು ಹೌಹಾರಿದ. ಆಕೆ ಕಣ್ಣುಮುಚ್ಚಿ ನುಂಗಿ, ನೀರು ಕುಡಿದು, ಬಹಳ ಚೆನ್ನಾಗಿದೆ ಅಂದಳು.

ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದರೆ ಬಲಗಾಲಿನ ಬೂಟಿಲ್ಲ.

"ಪಿಳ್ಳ, ಬೂಟೆಲ್ಲೋ?"

"ನಂಗೇನ್ ಗೊತ್ತು? ಬೆಕ್ ಕಚ್ಕಂಡ್ ಓಗಿರ್ಬೋದು."

"ಹಡಗು ತಪ್ಪುತ್ತೆ ಕಣೋ! ಕೆಲಸ ಹೋಗುತ್ತೆ!"

"ಓಗ್ಲಿ ಬುಡ್ಲಾ, ಬ್ಯಾರೆ ಅಡಗು ಬತ್ತದೆ" ಎಂದವನು, ನನ್ನ ಕಣ್ಣಲ್ಲಿ ನೀರು ಕಂಡು ಮೆತ್ತಗಾದ. ಹಿತ್ತಲಿನ ಇದ್ದಿಲ ಡಬ್ಬಕ್ಕೆ ಕೈಹಾಕಿದ. ಅಲ್ಲಿ ಬರೀ ಇದ್ದಿಲು! ಬೆಳಗಾಗುತ್ತಲೇ ಹಳೇ ಸಾಮಾನಿನ ಗಾಡಿಯವನು ಬಂದಿದ್ದನಂತೆ. ಇದ್ದಿಲಲ್ಲಿ ಬಿದ್ದಿದ್ದ ಒಂಟಿ ಬೂಟನ್ನು ಮಿಸೆಸ್ ಬಾರ್ನ್ಸ್ ಅವನಿಗೆ ಕೊಟ್ಟು, ಬದಲಿಗೆ ಹೂವಿನ ಚಿತ್ರದ ಸಾಸರೊಂದನ್ನು ಪಡೆದಿದ್ದಳು. ಅದನ್ನು ಹೆಮ್ಮೆಯಿಂದ ನಮಗೆ ತೋರಿಸಿಯೂ ತೋರಿಸಿದಳು.

ಪಿಳ್ಳಪ್ಪ ಕುಳಿತು ತನ್ನ ಬೂಟು ಬಿಚ್ಚಿದ. ಅವನಿಗಿದ್ದದ್ದು ಅದೊಂದೇ ಜೊತೆ. ಅವು ನನಗೆ ದೋಣಿಯಷ್ಟು ದೊಡ್ಡವು, ಮುಂದಕ್ಕೆ ಪೇಪರು ತುರುಕಿ ಹಾಕಿಕೊಂಡೆ. ಏನು ನಡೆಯುತ್ತಿದೆಯೆಂದು ತಿಳಿಯದೆ ನಿಂತಿದ್ದ ಮಿಸೆಸ್ ಬಾರ್ನ್ಸ್‌ಗೆ ಅವನು ತನ್ನ ಇಂಗ್ಲಿಷಿನಲ್ಲಿ ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದ. ಆಕೆ ತಲೆದೂಗಿ ಒಳಗೆ ಹೋದಳು. ಮರುಕ್ಷಣ ನನ್ನ ಟೋಪಿ ಕಾಣದು! ನೋಡಿದರೆ ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡು ಸಣ್ಣ ಹುಡುಗಿಯ ಹಾಗೆ ನಿಂತಿದ್ದಾಳೆ. ಅದನ್ನು ಬೇಡಿ ಪಡೆದು, ಸ್ಟೇಷನ್ನಿಗೆ ಓಡಿ ರೈಲು ಹತ್ತುವಷ್ಟರಲ್ಲಿ ಗಾರ್ಡು ಸೀಟಿ ಊದಿಬಿಟ್ಟ. ಆ ಚಳಿಯಲ್ಲಿ ಪಿಳ್ಳಪ್ಪ ಉಣ್ಣೆಯ ಮನೆಚಪ್ಪಲಿಯಲ್ಲಿ ಪ್ಲಾಟ್‌ಫಾರಂ ತುದಿಯವರೆಗೂ ಓಡಿಬಂದು ಕೂಗಿದ: "ನನ್ ಬೂಟ್ ಜ್ವಾಪಾನ ಕಣ್ಲಾ! ಬಂದ್ ಈಸ್ಕತೀನಿ!"

ಹೇಳಿದಂತೆ ನಾಲ್ಕಾರು ವರ್ಷದ ಮೇಲೆ ಊರಿಗೆ ಬಂದ. ಅವನ ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದರು. ಕೊಡಿಗೇಹಳ್ಳಿಯಲ್ಲಿ ಯಾರೂ ತನ್ನನ್ನು ಇರು ಅನ್ನಲಿಲ್ಲವೆಂದು ಯಲಹಂಕದ ನಮ್ಮ ಮನೆಗೆ ಬಂದು ಉಳಿದ. ನಾನು ಅವನ ಆ ಬೂಟುಗಳಿಗೆ ಪಾಲಿಶ್ ಹಾಕಿ ಬಾಗಿಲಲ್ಲಿಟ್ಟಿದ್ದೆ. ಹೊರಡುವ ದಿನ ನೋಡಿದರೆ ಅವು ಇರಲಿಲ್ಲ. ಅಮ್ಮ ಒಲೆಯ ಮುಂದೆ ಏನೂ ಅರಿಯದವಳಂತೆ ಕೂತಿದ್ದಳು.

ಪಿಳ್ಳಪ್ಪನ ಮುಖ ನೋಡಬೇಕಿತ್ತು! ಮಂಚದ ಕೆಳಗೆ ಹುಡುಕಿದ, ಬಚ್ಚಲ ಹಂಡೆಯ ಹಿಂದೆ ಹುಡುಕಿದ. ಕೊನೆಗೆ ವಾಡೆಯ ಮುಚ್ಚಳ ತೆಗೆದು ಇಣುಕಿ, ಮೆಲ್ಲಗೆ ಮುಚ್ಚಿದ.

"ಇಲ್ಲೂ ಇಲ್ವಲ್ಲವ್ವಾ! ಇನ್ನೇನ್ ಮಾಡಾದು, ಇವತ್ ಇರ್ತೀನಿ" ಅಂದ. ಅಂದು ಒಬ್ಬಟ್ಟಾಯಿತು. ಮಾರನೆಯ ದಿನ ಅಮ್ಮನೇ ಬೂಟು ತೆಗೆಯಲು ಹೋದರೆ ತಡೆದ. "ಅಲ್ಲೇ ಇರ್ಲಿ ಬುಡವ್ವ, ಬರಾಕೊಂದ್ ನೆಪ ಬ್ಯಾಡ್ವಾ? ಬತ್ತೀನಿ" ಎಂದು ನನ್ನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದ.

ಅದೇ ಕೊನೆ. ಎರಡು ಚಳಿಗಾಲ ಕಳೆದ ಮೇಲೆ ಮಿಸೆಸ್ ಬಾರ್ನ್ಸ್ ಕಡೆಯಿಂದ ಸುದ್ದಿ ಬಂತು, ಎದೆನೋವೆಂದು ಮಲಗಿದವನು ಏಳಲಿಲ್ಲವಂತೆ. ನಾನು ಜಗಲಿಯಲ್ಲಿ ಕೂತು ಅತ್ತೆ. ಅಮ್ಮ ಅಳಲಿಲ್ಲ. ಎದ್ದು ಒಳಗೆ ಹೋಗಿ, ವಾಡೆಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡುತ್ತಾ ನಿಂತಳು.

"ಬೂಟು ಇಲ್ಲೇ ಇದೆಯಲ್ಲೋ," ಅಂದಳು. "ಅವನು ಹೆಂಗೋ ಹೋದ?"