ಮೇಬಲ್ ಚೆನ್ನಾಗಿದ್ದಾಳೆ

ಬೆಳಿಗ್ಗೆಯಿಂದ ನನ್ನ ಕಪ್ಪು ಕಾರ್ಡಿಗನ್ನಿನ ಮೇಲಿಂದ ಒಂದೊಂದೇ ಕೂದಲು ಹೆಕ್ಕುತ್ತ ಕೂತಿದ್ದೇನೆ. ನನ್ನ ಕೂದಲಲ್ಲ, ನನ್ನ ತಲೆಯಲ್ಲಿ ಅಷ್ಟು ಉಳಿದಿಲ್ಲ. ನಿನ್ನೆ ಪಕ್ಕದ ಮನೆಯ ಹುಡುಗಿ ತಾನು ಹೊಸದಾಗಿ ತಂದ ಬೆಕ್ಕನ್ನು ತೋರಿಸಲು ಎತ್ತಿಕೊಂಡು ಬಂದಿದ್ದಳು. ಕುರಿಮರಿಯಷ್ಟು ದೊಡ್ಡದು, ಮೈತುಂಬ ಬೆರಳುದ್ದದ ಕೂದಲು. “ಆಂಟಿ, ಈ ಬ್ರೀಡಿನ ಟೆಂಪರಮೆಂಟ್ ತುಂಬ ಜೆಂಟಲ್ ಅಂತೆ. ನಾಯಿ ಥರ ಹಿಂದೆಹಿಂದೇನೇ ಬರುತ್ತಂತೆ. ನೆಟ್ಟಲ್ಲಿ ಓದಿದೆ,” ಎಂದಳು. ನಾನು “ಹೌದೇನೇ?” ಎಂದೆ, ಏನೂ ಅರಿಯದವಳ ಹಾಗೆ. ಎಂಬತ್ತು ದಾಟಿದವರಿಗೆ ಇದೊಂದು ಅನುಕೂಲ: ಗೊತ್ತಿಲ್ಲ ಎಂದರೆ ಎಲ್ಲರೂ ತಕ್ಷಣ ನಂಬುತ್ತಾರೆ.

ಆದರೆ ನಿಮಗೆ ಸುಳ್ಳು ಹೇಳಲಾರೆ. ನನಗೆ ಗೊತ್ತಿತ್ತು. ಇಂಥ ಬೆಕ್ಕಿನ ಜೊತೆ ನಾನು ಬೆಳೆದವಳು. ಅದನ್ನು ಒಮ್ಮೆ ಕೊಂದವಳು ಕೂಡ. ಗಾಬರಿಯಾಗಬೇಡಿ, ಕಾಗದದಲ್ಲಿ ಮಾತ್ರ.

ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. ನೋಟ್‌ಬುಕ್ಕಿನ ರಟ್ಟಿನ ಮೇಲೆ ವಿಳಾಸದ ಕೊನೆಗೆ ‘ಕೂರ್ಗ್ ಸ್ಟೇಟ್’ ಎಂದು ಬರೆಯುವಾಗ ನಮಗೆಲ್ಲ ಒಂದು ಜಂಬ. ಅಪ್ಪ ಹಾಸನದ ಕಡೆಯಿಂದ ಬಂದವರು, ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕತೆ ಬರೆಯುವವರಲ್ಲ. ಬೆಳಿಗ್ಗೆ ಮಸ್ಟರ್‌ನಲ್ಲಿ ಆಳುಗಳ ಹೆಸರು ಕೂಗಿ ಹಾಜರಿ ಹಾಕುವವರು. ಕತೆ ಬರೆಯುವ ಚಾಳಿ ಮಗಳಿಗೆ ಬಂತು. ನಾನು ಮರ್ಕೇರಾದ, ಎಂದರೆ ಈಗಿನ ಮಡಿಕೇರಿಯ, ಕಾನ್ವೆಂಟಿನಲ್ಲಿ ಬೋರ್ಡರ್, ರಜಕ್ಕೆ ಮಾತ್ರ ಮನೆಗೆ ಬರುತ್ತಿದ್ದೆ.

ಎಸ್ಟೇಟಿನ ಇಂಗ್ಲಿಷ್ ದೊರೆ ತೀರಿಕೊಂಡ ಮೇಲೆ ದೊರೆಸಾನಿ ಎಸ್ಟೇಟ್ ಮಾರಿ ಊಟಿಗೆ ಹೊರಟರು. ಬಂಗಲೆಗೆ ಬಂದ ಹೊಸ ಧಣಿಗಳ ಹಿಂದೆ ನಾಲ್ಕು ಬೇಟೆನಾಯಿಗಳು ಬಂದವು. ದೊರೆಸಾನಿಯ ಪರ್ಷಿಯನ್ ಬೆಕ್ಕು ಮೇಬಲ್ ಅಲ್ಲಿ ಒಂದು ದಿನವೂ ಉಳಿಯುವಂತಿರಲಿಲ್ಲ. ಹೊರಡುವ ಮುನ್ನ ಅವರು ಬೆತ್ತದ ಬುಟ್ಟಿಯಲ್ಲಿ ಅದನ್ನು ತಂದು ನಮ್ಮ ಜಗಲಿಯ ಮೇಲಿಟ್ಟು ಹೋದರು. ಅಮ್ಮ ಬುಟ್ಟಿಯೊಳಗೆ ಇಣುಕಿದಳು.

“ಇದೇನ್ರೀ, ಬೆಕ್ಕೋ, ಕಂಬಳಿಗೆ ಕಾಲು ಬಂದಿರೋದೋ?”

“ದೊಡ್ಡ ಮನೆತನದ್ದು ಕಣೇ,” ಎಂದರು ಅಪ್ಪ.

“ಹಂಗಾದ್ರೆ ಇಲಿ ಹಿಡಿಯಲ್ಲ ಬಿಡಿ.”

ಹಿಡಿಯಲಿಲ್ಲ. ಅಕ್ಕಿ ಡಬ್ಬದ ಪಕ್ಕ ಇಲಿ ಓಡಿದರೆ, ಕರೆಯದೆ ಬಂದ ನೆಂಟರನ್ನು ನೋಡುವ ಹಾಗೆ ನೋಡಿ ಮುಖ ತಿರುಗಿಸುತ್ತಿದ್ದಳು. ಮ್ಯಾವ್ ಎನ್ನುತ್ತಲೂ ಇರಲಿಲ್ಲ; ಗಂಟಲೊಳಗೇ ಹಕ್ಕಿಯ ಹಾಗೆ ಒಂದು ಸಣ್ಣ ದನಿ. ಮಡಿಲಿಗೆ ಎಳೆದರೆ ಮರ್ಯಾದೆಯಾಗಿ ಎರಡು ನಿಮಿಷ ಸಹಿಸಿ ಇಳಿದುಬಿಡುತ್ತಿದ್ದಳು. ಆದರೆ ನೀವು ಎಲ್ಲಿ ಕೂತರೂ ಅಂಗೈಯಗಲ ದೂರದಲ್ಲಿ, ನಿಮಗೆ ಬೆನ್ನು ಮಾಡಿ, ನೀವು ನೋಡುತ್ತಿರುವ ಕಡೆಯೇ ನೋಡುತ್ತ ಕೂರುವಳು. ಅಮ್ಮ ರುಬ್ಬುವಾಗ ಒರಳಿನ ಪಕ್ಕ, ನಾನು ಜ್ವರ ಬಂದು ಮಲಗಿದಾಗ ದಿಂಬಿನ ಪಕ್ಕ. ಕಾನ್ವೆಂಟಿನ ಮದರ್ ಒಬ್ಬರು ಹಾಗೆಯೇ ಇದ್ದರು. ತಲೆ ಸವರಿದವರಲ್ಲ, ಆದರೆ ಪರೀಕ್ಷೆಯ ದಿನ ಸುಮ್ಮನೆ ಬಂದು ನಮ್ಮ ಡೆಸ್ಕಿನ ಪಕ್ಕ ನಿಲ್ಲುತ್ತಿದ್ದರು.

ಒಂದು ತಿಂಗಳಲ್ಲಿ ಮೇಬಲ್ ಅಪ್ಪನ ಜೊತೆ ಮಸ್ಟರ್‌ಗೆ ಹೋಗಲು ಶುರುಮಾಡಿದಳು. ಬಾಲವನ್ನು ಕೊಡೆಯ ಹಿಡಿಯ ಹಾಗೆ ಎತ್ತಿಕೊಂಡು ಅವರ ಮುಂದೆ ಮುಂದೆ. ಲೈನಿನ, ಎಂದರೆ ಆಳುಗಳ ಮನೆಸಾಲಿನ, ಹೆಂಗಸರು ಮೊದಲ ದಿನ ಹಾದಿಯಲ್ಲೇ ಕುಕ್ಕರಿಸಿದರು. ಬೆಕ್ಕು ಎದುರಾದರೆ ಒಂದು ಗಳಿಗೆ ಕೂತು ಹೊರಡಬೇಕು. ಐವತ್ತು ಜನ ಹೀಗೆ ಕೂತರೆ ಕಾಫಿ ಹಣ್ಣಿನ ಪಿಕ್ಕಿಂಗ್ ಕತೆಯೇನು? ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಸಿದ್ದಮ್ಮ ಎಂಬ ಹಿರಿಯಳು ಎದ್ದು ಸೀರೆ ಕೊಡವಿದಳು.

“ಏಳ್ರೇ ಸಾಕು! ಅಡ್ಡ ಓದ್ರೆ ಅಪಸಕುನ. ಇದು ನಮ್ ಜೊತೇಲೇ ಕೆಲ್ಸಕ್ ಬತ್ತಾ ಅದೆ. ಜೊತೇಲ್ ಬರೋರು ಎಂಗ್ರೇ ಅಪಸಕುನ ಆಯ್ತಾರೆ?”

ಉಳಿದವರೂ ಸೀರೆ ಕೊಡವಿ ಎದ್ದರು. ಅಂದಿನಿಂದ ಅಪ್ಪ ಹೆಸರು ಕೂಗಿ ಮುಗಿಸಿದ ಮೇಲೆ ಯಾರಾದರೊಬ್ಬರು “ಮೇಬಲಮ್ಮ?” ಎನ್ನುವುದು, ಇನ್ನೊಬ್ಬರು “ಬಂದವ್ಳೆ ಸಾಮಿ!” ಎನ್ನುವುದು ರೂಢಿಯಾಯಿತು.

ಕ್ರಿಸ್‌ಮಸ್ ರಜದಲ್ಲಿ ನಾನು ಮನೆಯಲ್ಲಿದ್ದಾಗ ಊಟಿಯಿಂದ ಕಾಗದ ಬಂತು. ಅಪ್ಪನಿಗೆ ಅಚ್ಚಿನ ಇಂಗ್ಲಿಷ್ ಬರುತ್ತಿತ್ತು. ದೊರೆಸಾನಿಯ ರನ್ನಿಂಗ್ ಹ್ಯಾಂಡ್ ಮಾತ್ರ ಅವರ ಪಾಲಿಗೆ ಕೋಳಿ ಕೆದಕಿದ ಅಂಗಳ. “ಓದಮ್ಮ ಮಗೂ. ಕಾನ್ವೆಂಟಿಗೆ ಕಳಿಸಿದ್ದು ಮತ್ತೆ ಯಾಕೆ?” ಎಂದು ನನ್ನ ಕೈಗಿತ್ತು ಬೂಟು ಹಾಕಿಕೊಳ್ಳತೊಡಗಿದರು.

ಓದಿದೆ. ಮನೆ ಬಹಳ ನಿಶ್ಶಬ್ದವಾಗಿದೆ, ಮುಂದಿನ ವಾರ ಡ್ರೈವರ್ ಅಮ್ಮತ್ತಿಗೆ ಬರುತ್ತಾನೆ, ದಯವಿಟ್ಟು ಮೇಬಲಳನ್ನು ಅವನ ಜೊತೆ ಕಳಿಸಿಕೊಡಿ. ಅಲ್ಲಿಗೆ ನನ್ನ ಕಣ್ಣು ಕತ್ತಲಿಟ್ಟಿತು. ಆ ಹಾಳೆಯನ್ನು ಹಾಗೆಯೇ ಮಡಚಿದೆ.

“ಏನಂತೆ?”

“ಚೆನ್ನಾಗಿದ್ದಾರಂತೆ. ಮೇಬಲ್ ಹೇಗಿದ್ದಾಳೆ ಅಂತ ಕೇಳಿದ್ದಾರೆ.”

“ಪಾಪ, ನೋಡು. ಚೆನ್ನಾಗಿದ್ದಾಳೆ ಅಂತ ಬರಿ. ದಿನಾ ಡ್ಯೂಟಿಗೆ ಬರ್ತಾಳೆ ಅಂತಾನೂ ಬರಿ.”

ನನಗೆ ಹನ್ನೆರಡು ವರ್ಷ. ಆ ಟರ್ಮಿನಲ್ಲಷ್ಟೇ ಲೆಟರ್ ರೈಟಿಂಗ್ ಕಲಿಸಿದ್ದರು: ಥ್ಯಾಂಕ್ಯೂ ಲೆಟರ್, ಇನ್ವಿಟೇಶನ್, ಸಾವಿನ ಸುದ್ದಿ. ದುಂಡಗೆ ಬರೆದೆ, ‘ಐ ರಿಗ್ರೆಟ್ ಟು ಇನ್ಫಾರ್ಮ್ ಯು’ ಎಂದು ಶುರುಮಾಡಿ, ಮೇಬಲ್ ಅಲ್ಪಕಾಲದ ಕಾಯಿಲೆಯಿಂದ ಶಾಂತವಾಗಿ ತೀರಿಕೊಂಡಳು ಎಂದು. ಮಸ್ಟರ್‌ಗೆ ಹೊತ್ತಾಯಿತೆಂದು ಅಪ್ಪ ಓದದೆ ನಿಂತಲ್ಲೇ ಸಹಿ ಹಾಕಿದರು. “ಅಕ್ಷರ ನೋಡೇ, ಮುತ್ತು!” ಎಂದು ಅಮ್ಮನಿಗೆ ಕೂಗಿ ಹೇಳಿದರು. ಮೇಬಲ್ ಅವರ ಬೂಟಿನ ಪಕ್ಕವೇ ಕೂತಿದ್ದಳು. ಜನ್ಮದಲ್ಲಿ ಒಂದು ಸುಳ್ಳು ಲೆಕ್ಕ ಬರೆಯದ ಮನುಷ್ಯ, ಅವರ ಸಹಿಯ ಮೇಲೆಯೇ ನನ್ನ ಸುಳ್ಳು ಟಪಾಲಿಗೆ ಹೋಯಿತು.

ಏಪ್ರಿಲ್ ರಜಕ್ಕೆ ಬಂದಾಗ ಅಪ್ಪ ಇನ್ನೊಂದು ಕಾಗದ ಜೋಪಾನವಾಗಿ ತೆಗೆದಿಟ್ಟಿದ್ದರು. “ನೀನು ಬರಲಿ ಅಂತ ಇಟ್ಟಿದ್ದೆ. ಓದು.” ದೊರೆಸಾನಿ ಇಂಗ್ಲೆಂಡಿಗೆ ಹೊರಟಿದ್ದಾರೆ, ಹಡಗು ಹತ್ತುವ ಮುನ್ನ ಶುಕ್ರವಾರ ಬಂದು ಮೇಬಲಳ ಸಮಾಧಿ ನೋಡಿ ಹೋಗುತ್ತಾರೆ. ಅಂದು ಗುರುವಾರ.

“ನಾಳೆ ಟೀಗೆ ಬರ್ತಾರಂತೆ,” ಎಂದೆ.

ಅಪ್ಪ ಬೈಯುತ್ತಾರೆ ಎಂಬುದಲ್ಲ ನನ್ನ ಭಯ. ಸಹಿ ಅಪ್ಪನದು. ನಾಳೆ ದೊರೆಸಾನಿ ನೋಡುವುದು ಒಬ್ಬ ಸುಳ್ಳುಗಾರ ರೈಟರನ್ನು, ಮತ್ತು ಅದು ಹೊಸ ಧಣಿಗಳ ಕಿವಿಗೂ ಬೀಳುತ್ತದೆ. ಶುಕ್ರವಾರ ಮಧ್ಯಾಹ್ನ ಮೇಬಲಳನ್ನು ಸೌದೆಕೊಟ್ಟಿಗೆಯಲ್ಲಿ ಕೂಡಿ ಚಿಲಕ ಹಾಕಿದೆ. ಬೇರೆ ಬೆಕ್ಕಾಗಿದ್ದರೆ ಊರು ಒಂದು ಮಾಡುತ್ತಿತ್ತು. ಅವಳು ಬಾಗಿಲ ಸಂದಿಯಿಂದ ನನ್ನನ್ನೊಮ್ಮೆ ನೋಡಿ ಕೂತಳು, ಅಷ್ಟೆ.

ಕಾರು ಬಂತು. ದೊರೆಸಾನಿಯ ಕೈಯಲ್ಲಿ ಬಿಳಿ ಹೂವಿನ ಗೊಂಚಲು. ಅದು ಸಮಾಧಿಗೆ ಎಂದು ಅಮ್ಮನಿಗೇನು ಗೊತ್ತು? ಸಂಭ್ರಮದಿಂದ ಕೈಚಾಚಿ ಈಸಿಕೊಂಡು, ಎರಡು ಹೂವು ಕಿತ್ತು ತುರುಬಿಗೆ ಮುಡಿದು, ಉಳಿದದ್ದನ್ನು ದೇವರ ಪಟಕ್ಕೆ ಏರಿಸಿದಳು. ದೊರೆಸಾನಿ ಕಣ್ಣರಳಿಸಿ ನೋಡಿದರು. ಅಮ್ಮ ಟೀಗೆ ನೀರಿಡಲು ಹೋದಳು. ಒಲೆಗೆ ಸೌದೆ ಸಾಲಲಿಲ್ಲ. ಹಿತ್ತಲಿನಿಂದ ಕೊಟ್ಟಿಗೆಯ ಚಿಲಕ ತೆಗೆದ ಸದ್ದು ಕೇಳಿತು.

ಅಂಗಳ ದಾಟಿ ಬಾಲವೆತ್ತಿಕೊಂಡು ಮೇಬಲ್ ಬಂದಳು. ಓಡಲಿಲ್ಲ. ದೊರೆಸಾನಿಯ ಷೂವಿನಿಂದ ಅಂಗೈಯಗಲ ದೂರದಲ್ಲಿ ಬೆನ್ನು ಮಾಡಿ ಕೂತು, ಅವರು ನೋಡುತ್ತಿದ್ದ ಕಾಫಿ ಹೂವಿನ ಕಡೆಯೇ ನೋಡತೊಡಗಿದಳು.

“ನೋಡಿ ಮೇಡಮ್, ಹೆಂಗೆ ಬೆಳೆದಿದ್ದಾಳೆ! ಡೈಲಿ ಅಟೆಂಡೆನ್ಸ್!” ಅಪ್ಪ ಹೆಮ್ಮೆಯಿಂದ ಬೀಗಿದರು.

ದೊರೆಸಾನಿ ಬೆಕ್ಕನ್ನು ನೋಡಿದರು. ಅಪ್ಪನನ್ನು ನೋಡಿದರು. ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದರು. ಟೀ ಕುಡಿದರು, ಅಮ್ಮನ ಚಕ್ಕುಲಿ ತಿಂದರು, ಮೇಬಲಳ ಬೆನ್ನಿನ ಗಂಟುಗಳನ್ನು ಬೆರಳಿನಿಂದಲೇ ಬಿಡಿಸಿದರು. ಹೊರಡುವಾಗ ನನ್ನನ್ನು ಕಾರಿನವರೆಗೆ ಬಾ ಎಂದರು.

“ಏಪ್ರಿಲ್‌ವರೆಗೆ ಮಾತ್ರ ಕೇಳಿದ್ದೆ, ಮಗು,” ಎಂದರು ಇಂಗ್ಲಿಷಿನಲ್ಲಿ. “ಹಡಗಿನಲ್ಲಿ ಅವಳನ್ನು ಒಯ್ಯಲಾರೆ. ಆಮೇಲೆ ಎಂದೆಂದಿಗೂ ನಿಮ್ಮವಳೇ ಎಂದು ಬರೆದಿದ್ದೆನಲ್ಲ. ಹಾಳೆ ತಿರುಗಿಸಲಿಲ್ಲವೇ?”

ತಿರುಗಿಸಿರಲಿಲ್ಲ. ನಾಲ್ಕು ತಿಂಗಳು ಆ ನಿಶ್ಶಬ್ದ ಮನೆಯಲ್ಲಿ ಅವರು ಸತ್ತಿರದ ಬೆಕ್ಕಿಗಾಗಿ ಅತ್ತಿದ್ದರು. ನಾನು ಅಲ್ಲೇ ಗೋಳೋ ಎಂದು ಅಳತೊಡಗಿದೆ. ಅವರು ಕರ್ಚೀಫು ಕೊಡಲಿಲ್ಲ, ವಿಳಾಸ ಬರೆದ ಚೀಟಿ ಕೊಟ್ಟರು. “ನೀನು ಬಹಳ ಚೆನ್ನಾಗಿ ಕಾಗದ ಬರೆಯುತ್ತೀ. ಇನ್ನು ಮುಂದೆ ನಿಜ ಬರೆ.” ಅಪ್ಪನಿಗೆ ಅವರು ಏನೂ ಹೇಳಲಿಲ್ಲ. ಯಾವತ್ತೂ ಹೇಳಲಿಲ್ಲ.

ಬರೆದೆ. ಮೇಬಲ್ ತುಪ್ಪದ ಗಿಂಡಿಯಲ್ಲಿ ಮೂತಿ ಸಿಕ್ಕಿಸಿಕೊಂಡದ್ದು, ಧಣಿಗಳ ನಾಯಿಯೊಂದು ಅವಳನ್ನು ಕಂಡು ದಾರಿ ಬಿಟ್ಟದ್ದು, ಎಲ್ಲವೂ ಅಕ್ಷರಶಃ ನಿಜ. ಕ್ರಿಸ್‌ಮಸ್‌ಗೆ ಅವರ ಕಾರ್ಡು ಬರುತ್ತಿತ್ತು: ಮೇಬಲಳಿಗೆ ನನ್ನ ಪ್ರೀತಿ. ಕೆಲವು ವರ್ಷಗಳ ನಂತರ ಮೇಬಲ್ ಸತ್ತಳು, ಈ ಸಲ ನಿಜವಾಗಿ. ಪೆನ್ನು ಹಿಡಿದು ಕೂತೆ. ಏನೆಂದು ಬರೆಯಲಿ? ಆ ಕಾಗದವನ್ನು ನಾನು ಆಗಲೇ ಬರೆದು ಮುಗಿಸಿದ್ದೆನಲ್ಲ. ಎರಡನೆಯ ಸಲ ಅದನ್ನು ಓದಬೇಕಾದವರು ನೆನಪಾದರು. ಕೊನೆಗೆ ‘ಮೇಬಲ್ ಚೆನ್ನಾಗಿದ್ದಾಳೆ’ ಎಂದೇ ಬರೆದೆ. ಮರುವರ್ಷವೂ. ನನ್ನ ಮದುವೆಯಾಯಿತು, ಮಕ್ಕಳಾದರು. ಮೇಬಲ್ ಚೆನ್ನಾಗಿಯೇ ಇದ್ದಳು. ಇಪ್ಪತ್ತೈದು ದಾಟಿದ ಬೆಕ್ಕು ಲೋಕದಲ್ಲಿ ಇರುತ್ತದೆಯೇ? ಅಷ್ಟು ತಿಳಿಯದವರಲ್ಲ ಅವರು. ಆದರೂ ಪ್ರತಿ ಕ್ರಿಸ್‌ಮಸ್ಸಿಗೂ ಪ್ರೀತಿ ಕಳಿಸಿದರು, ಕಾರ್ಡು ಬರುವುದು ನಿಂತುಹೋಗುವವರೆಗೆ.

ಅವರ ಅಂದಿನ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಇಷ್ಟು ತಡವಾಗಿಯಾದರೂ ಇರಲಿ, ಓದುವವರು ನೀವಾದರೂ ಆಗಲಿ, ಬರೆದುಬಿಡುತ್ತೇನೆ. ಮೇಡಮ್, ಮೇಬಲ್ ತೀರಿಕೊಂಡಳು. ಜುಲೈ ತಿಂಗಳು, ಮಳೆ ಒಂದಿಷ್ಟು ಹೊಳವಾಗಿದ್ದ ಬೆಳಿಗ್ಗೆ. ಅಪ್ಪ ಬೂಟು ಹಾಕಿಕೊಂಡು ಬಾಗಿಲಲ್ಲಿ ಕಾದರು, ಅವಳು ಏಳಲಿಲ್ಲ. ಪೇರಳೆ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಅಂದು ಅಪ್ಪ ಮಸ್ಟರ್‌ಗೆ ತಡವಾಗಿ ಹೋದರು. ಹೆಸರು ಕೂಗಿ ಮುಗಿಸಿ ಪುಸ್ತಕ ಮುಚ್ಚಿದಾಗ ಸಾಲಿನಲ್ಲಿ ಯಾರೂ “ಮೇಬಲಮ್ಮ?” ಎನ್ನಲಿಲ್ಲವಂತೆ. ಸಿದ್ದಮ್ಮ ಮಾತ್ರ ಒಂದು ಗಳಿಗೆ ನೆಲದ ಮೇಲೆ ಕೂತು, ಎದ್ದು, ಕೆಲಸಕ್ಕೆ ಹೋದಳಂತೆ.