ಹಂದಿಬೇಟೆಯ ಅಧ್ಯಾಯ

ಬಸವಕಲ್ಯಾಣದ ವಕೀಲರೊಬ್ಬರು ತಾವೇ ಆಡಿದ ಬೇಟೆಗಳ ಬಗ್ಗೆ ಬರೆದ ಹಳೆಯ ಪುಸ್ತಕದಲ್ಲಿ ಒಂದು ಸುಳ್ಳೂ ಇಲ್ಲವೆಂದು ನಾವೆಲ್ಲ ನಂಬಿದ್ದೆವು. ಪೊದೆ ಬಡಿದು ಹಂದಿ ಎಬ್ಬಿಸುತ್ತಿದ್ದ ಆಳುಮಗ ಅದೇ ಹಂದಿಯ ಕೋರೆಗೆ ಸಿಕ್ಕಿ ಸಾಯುವ ಅಧ್ಯಾಯ ಓದುವಾಗ ನಮ್ಮ ಪ್ರಾಧ್ಯಾಪಕರ ಕಣ್ಣು ಪ್ರತಿವರ್ಷ ತಪ್ಪದೆ ಒದ್ದೆಯಾಗುತ್ತಿತ್ತು. ಮರುಮುದ್ರಣಕ್ಕೆ ಮುನ್ನುಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸತ್ತವನ ಮಗಳು ದುಬಲಗುಂಡಿಯಲ್ಲಿದ್ದಾರೆಂದು ತಿಳಿದು, ಹೋಗಿ ಅಧ್ಯಾಯ ಓದಿ ಹೇಳಿದೆ. ಅಜ್ಜಿ ತೊಗರಿ ಹಸನು ಮಾಡುತ್ತಲೇ ಕೇಳಿದರು.

"ಛಂದ ಬರದಾರ್ರಿ. ನಮ್ಮಪ್ಪನ ಸಲುವಾಗಿ ವಕೀಲ್ ಸಾಹೇಬ್ರು ಅತ್ತಾರಂತ?"

"ಹಾಗಂತ ಬರೆದಿದ್ದಾರೆ."

"ಇದನ್ನ ಮತ್ತ ಛಾಪಸ್ತೀರೇನ್ರಿ?"

"ನೀವು ಬೇಡವೆಂದರೆ ಬಿಡುತ್ತೇವೆ, ಅಮ್ಮಾ."

"ಬಿಡಬ್ಯಾಡ್ರಿ. ಖರೇ ಇದ್ದದ್ದು ಛಾಪಸ್ರಿ. ಹೆಣದ ಮೈ ತೊಳದಾಕಿ ನಮ್ಮವ್ವ. ಹಂದಿ ತಿವಿದ ಗಾಯ ಒಂದೂ ಇರ್ಲಿಲ್ಲ. ಬೆನ್ನ ತುಂಬ ಬಂದೂಕಿನ ಛರ್ರಾ ಗುಂಡು ಇದ್ವು."