ಅವಳ ಪರವಾಗಿ ನಾನು ಹೇಳಿದ ಮಾತು

ಇಬ್ರಾಹಿಂ, ನಿನ್ನ ಹೆಂಡತಿ ನಿನ್ನ ಬಳಿಗೆ ಬರಲು ಒಲ್ಲೆ ಎಂದಿರಲಿಲ್ಲ. ಒಲ್ಲಳು ಎಂದು ಪೊಲೀಸಿನವರ ಎದುರು ಹೇಳಿ ರುಜು ಹಾಕಿದವನು ನಾನು — ಅವಳ ಒಡಹುಟ್ಟಿದ ಅಣ್ಣ. ಜೈನಾಬಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ಅವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ನಾನು ಇನ್ನೂ ಸುಮ್ಮನಿದ್ದರೆ ನಿನಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ನನಗೆ ಬರೆಯಲು ಬರುವುದು ಮಿಡ್ಲ್ ಸ್ಕೂಲಿನಲ್ಲಿ ಕಲಿತ ಕನ್ನಡವೊಂದೇ, ನಿನಗೂ ಅಷ್ಟೇ. ಕರಾಚಿಯಿಂದ ನೀನು ಬರೆದ ಕಾಗದಗಳೆಲ್ಲ ಕನ್ನಡದಲ್ಲೇ ಬಂದವು. ಓದು ಬಾರದ ಅವಳಿಗೆ ನಾನೇ ಓದಿ ಹೇಳಿದೆ. ಒಂದಕ್ಷರವನ್ನೂ ಬದಲಿಸಲಿಲ್ಲ. ಎಷ್ಟೋ ಕಾಲ ಅದನ್ನೇ ನನ್ನ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ಅವಳ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ದಫೇದಾರರು ಬರುವ ಹಿಂದಿನ ದಿನ ನಾನೂ ಅವಳೂ ಬಳೆ ಮಾರಲು ಭೀಮನಬೀಡಿಗೆ ಹೋಗಿದ್ದೆವು. ಅದು ಎಲ್ಲ ದಿನಗಳಂಥದೇ ಒಂದು ದಿನ. ನಾನು ಬಳೆಯ ಮಲಾರ ಹೆಗಲ ಮೇಲೆ ಹೊತ್ತು ಮುಂದೆ, ಅವಳು ಹಿಂದೆ. ಊರ ಮೊದಲ ಮನೆಯ ಜಗಲಿಯಲ್ಲಿ ಕುಳಿತು ಯಜಮಾನಿಯ ಕೈಗೆ ನಾನು ಬಳೆ ಏರಿಸುವಾಗ ಎರಡು ಒಡೆದವು.

"ಬುಡ್ಲಾ ನನ್ ಕೈಯ! ಬಳೆ ಇಕ್ಕಾಕ್ ಬಂದಿದ್ದೀಯೋ, ಮೂಳೆ ಮುರಿಯಾಕ್ ಬಂದಿದ್ದೀಯೋ? ಜೈನಾಬಿ, ನೀ ಬಾ ಕಣಮ್ಮಿ ಇತ್ತಗೆ."

ಜೈನಾಬಿ ನಗುತ್ತ ಬಂದು ಕುಳಿತಳು. ನಿನಗೆ ಗೊತ್ತಲ್ಲ ಅವಳ ಕೈ — ಅಂಗೈಯನ್ನು ಹೂವಿನಂತೆ ಮಡಿಸಿ, ಏನೋ ಮಾತಾಡಿಸುತ್ತ ಮಾತಾಡಿಸುತ್ತ ಮಣಿಕಟ್ಟು ದಾಟಿಸಿಬಿಡುತ್ತಿದ್ದಳು. ಡಜನ್ ಬಳೆ ಏರಿದ ಮೇಲೆ ಆ ಹೆಂಗಸು ಕೈ ಅಲ್ಲಾಡಿಸಿ ನೋಡಿಕೊಂಡು ಕೇಳಿದಳು:

"ಗಂಡನ ತಾವ್ಕೆ ಓಯ್ತೀಯಂತೆ? ಅರ್ಜಿ ಕೊಟ್ಟಿದ್ದೀಯಂತೆ?"

"ಹೂಂ ಅಕ್ಕ. ಪಾಸ್‌ಪೋರ್ಟು ಬರಬೇಕು. ಆಮೇಲೆ ಆ ಕಡೆಯೋರ ವೀಸಾ. ಬೊಂಬಾಯಿಂದ ಹಡಗು."

"ಓಗವ್ವ, ಓಗು. ಎಷ್ಟು ವರ್ಸ ಅಂತ ಇಲ್ಲೇ ಕುಂತಿರ್ತೀಯ. ಆದ್ರೆ ನೀ ಓದ್ಮೇಲೆ ನಮ್ಗೆ ಬಳೆ ಇಕ್ಕೋರ್ಯಾರು? ಈ ನಿಮ್ಮಣ್ಣನಾ? ಇವನ್ನ ನಾವು ಒಳೀಕೆ ಬುಡಾಕಿಲ್ಲ ಕಣಪ್ಪ, ಬೀದಿನಲ್ಲೇ ನಿಂತ್ಕೊಳ್ಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹಿಂತಿರುಗುವಾಗ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ. ಅದು ತಮಾಷೆಯಾಗಿರಲಿಲ್ಲ, ನಿಜವಾಗಿತ್ತು. ಹಳ್ಳಿಗಳಲ್ಲಿ ಮನೆಯೊಳಗೆ, ನಡುಮನೆಯವರೆಗೆ, ಬಾಣಂತಿಯ ಕೋಣೆಯವರೆಗೆ ಹೋಗುತ್ತಿದ್ದದ್ದು ಅವಳು. ನಾನು ಅವಳ ಹಿಂದೆ ಮಲಾರ ಹೊರುವವನು.

ಅವಳಿಗೇನೂ ಇದು ತಿಳಿದಿರಲಿಲ್ಲ. ಹಡಗಿನಲ್ಲಿ ಹೆಂಗಸರಿಗೆ ಬೇರೆ ಜಾಗ ಇರುತ್ತದೆಯೇ ಎಂದು ದಾರಿಯಲ್ಲಿ ಕೇಳುತ್ತ ಬಂದಳು. ಮದುವೆಯಾದ ಮೂರನೇ ತಿಂಗಳಿಗೆ ನಿನ್ನ ಸೋದರಮಾವನ ದರ್ಜಿ ಅಂಗಡಿಗೆಂದು ಕರಾಚಿಗೆ ಹೋದವನು ನೀನು. ಮನೆ ಹಿಡಿದು ಕರೆಸಿಕೊಳ್ಳುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಗಡಿ ದಾಟಲು ಪರ್ಮಿಟ್ಟು ಬೇಕೆಂಬ ಕಾನೂನು ಬಂತು. ಆ ಪರ್ಮಿಟ್ಟಿನ ಮೇಲೆ ಒಮ್ಮೆ ಬಂದು ಒಂದು ತಿಂಗಳಿದ್ದು ಹೋದೆ. ಅದೂ ಹೋಗಿ ಪಾಸ್‌ಪೋರ್ಟು, ವೀಸಾ ಬೇಕಾದವು. ಐದು ವರ್ಷ ಅವಳು ಕಾದಿದ್ದಳು. ಕೊನೆಗೆ ನೀನು ಅಲ್ಲಿಂದ ಕಾಗದಪತ್ರ ಕಳಿಸಿ, ಇಲ್ಲಿ ಅರ್ಜಿ ಹೋಗಿ, ಇನ್ನು ಉಳಿದದ್ದು ಈ ಒಂದು ವಿಚಾರಣೆ ಮಾತ್ರ.

ದಫೇದಾರರು ಮರುದಿನ ಬೆಳಿಗ್ಗೆ ಗುಂಡ್ಲುಪೇಟೆ ಬಜಾರಿನ ನಮ್ಮ ಅಂಗಡಿಗೆ ಬಂದರು. ಒಳ್ಳೆಯ ಮನುಷ್ಯ. ಅವರ ಮಗಳ ಮದುವೆಗೆ ಬಳೆ ಕೊಟ್ಟವರು ನಾವೇ.

"ಏನಪ್ಪ ಸತ್ತಾರ್, ನಿನ್ ತಂಗಿದು ಕಾಗದ ಬಂದದೆ ಕಣ. ಆಕೆ ತಾನಾಗೇ ಗಂಡನ ತಾವ ಓಯ್ತಾವ್ಳೋ, ಯಾರಾರ ಬಲವಂತ ಮಾಡವ್ರೋ, ಅಂತ ಕೇಳಿ ಬರೀಬೇಕು."

ನಾನು ಅವಳನ್ನು ಕರೆಯಲು ಎದ್ದೆ. ನಿಜವಾಗಿಯೂ ಎದ್ದೆ. ಅವರೇ ತಡೆದರು.

"ಬ್ಯಾಡ ಬುಡು. ಗೋಷಾ ಮನೆ ಹೆಣ್ಮಗಳ್ನ ಪೊಲೀಸಿನೋನ ಮುಂದೆ ನಿಲ್ಲುಸೋದು ಚೆಂದಾನಾ? ಅಣ್ಣ ಅಂತ ನೀನಿದ್ದೀಯ. ನೀ ಯೋಳು, ಸಾಕು."

ಹಳ್ಳಿ ಹಳ್ಳಿಯ ಜಗಲಿಯ ಮೇಲೆ ಕುಳಿತು ಬಳೆ ತೊಡಿಸುವವಳು — ಅವಳನ್ನು ಕರೆದು ಒಂದು ಮಾತು ಕೇಳುವುದು ಮರ್ಯಾದೆಯಲ್ಲವೆಂದು ನಾವಿಬ್ಬರೂ ಗಂಡಸರು ಒಪ್ಪಿಕೊಂಡೆವು. ಹತ್ತು ಹೆಜ್ಜೆ ಹಿಂದೆ, ಒಳಕೋಣೆಯಲ್ಲಿ, ಅವಳು ಬಳೆಗಳನ್ನು ಅಳತೆವಾರು ಬೇರ್ಪಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಅವಳಿಗೆ ಹೋಗಾಕೆ ಮನಸ್ಸಿಲ್ಲ ಸ್ವಾಮಿ," ಎಂದೆ. "ಗಂಡನ ಕಡೆಯೋರ ಒತ್ತಾಯಕ್ಕೆ ಅರ್ಜಿ ಹಾಕಿರೋದು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಅಂಗೇ ಬರ್ಕೊಬುಡನಾ?"

"ಬರ್ಕೊಳ್ಳಿ."

ಅವರು ಬರೆದರು, ನಾನು ರುಜು ಹಾಕಿದೆ. ಅವರು ಹೋದ ಮೇಲೆ ಜೈನಾಬಿ ಪರದೆ ಸರಿಸಿ ಬಂದಳು. ಯಾರು ಭಾಯಿ, ಎಂದಳು. ನಿನ್ನ ಪಾಸ್‌ಪೋರ್ಟಿನ ವಿಚಾರಣೆ, ಎಂದೆ. ಅವಳ ಮುಖ ಅರಳಿತು — ಅದನ್ನು ಹೇಗೆ ಬರೆಯಲಿ — ಆಮೇಲೆ ನನ್ನನ್ನು ಬೈದಳು. "ಅಷ್ಟು ದೊಡ್ಡ ಕೆಲಸಕ್ಕೆ ಬಂದವರನ್ನು ಚಹಾ ಕೂಡ ಕೊಡದೆ ಕಳಿಸಿದೆಯಲ್ಲ! ನನ್ನನ್ನು ಕರೆಯಬಾರದಿತ್ತೇ?"

ಅಮ್ಮನಿಗಾಗಿ ಹೇಳಿದೆ ಎಂದು ನಾನು ವರ್ಷಗಟ್ಟಲೆ ನನ್ನನ್ನೇ ನಂಬಿಸಿಕೊಂಡೆ. ಮಗಳು ದೂರವಾದರೆ ಅಮ್ಮ ಉಳಿಯುವುದಿಲ್ಲ, ಇನ್ನೊಂದು ದೇಶವಾಗಿಬಿಟ್ಟ ಊರಿಗೆ ಹೋದವಳು ತಿರುಗಿ ಬರುವುದಿಲ್ಲ, ಎಂದೆಲ್ಲ. ಅಮ್ಮ ಆಗಲೇ ಅವಳಿಗೆಂದು ಎರಡು ರಜಾಯಿ ಹೊಲಿದು ಇಟ್ಟಿದ್ದಳು. ಗಂಡನ ಜೊತೆ ಇರಲಿ, ನಾನು ಎಷ್ಟು ದಿನ, ಎಂದು ನೆರೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅಮ್ಮ ನೆವ. ನನಗೆ ಬೀದಿಯಲ್ಲಿ ನಿಲ್ಲುವುದು ಬೇಕಿರಲಿಲ್ಲ — ಇದ್ದದ್ದು ಅಷ್ಟೇ.

ಅರ್ಜಿ ಮಂಜೂರಾಗಲಿಲ್ಲವೆಂದು ಎರಡು ಸಾಲಿನ ಕಾಗದ ಬಂತು. ಕಾರಣ ಬರೆದಿರಲಿಲ್ಲ. ಸರ್ಕಾರದ ಕೆಲಸ ಹಾಗೇ, ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಮರುವರ್ಷ ನೀನೇ ಬಂದೆ. ನಿನ್ನ ವೀಸಾದಲ್ಲಿ ಬರೆದಿದ್ದದ್ದು ಚಾಮರಾಜನಗರ ಒಂದೇ ಊರು, ನಿನ್ನ ತಂದೆಯ ಮನೆ ಇರುವ ಊರು. ಇಪ್ಪತ್ತು ಮೈಲಿ ಆಚೆಯ ಗುಂಡ್ಲುಪೇಟೆಗೆ ನೀನು ಬರುವ ಹಾಗಿರಲಿಲ್ಲ. ಬಂದ ದಿನ ಠಾಣೆಯಲ್ಲಿ ಹೆಸರು ಬರೆಸಬೇಕು, ಹೋಗುವ ದಿನ ಬರೆಸಬೇಕು. ಅಳಿಯ ಮನೆ ಬಾಗಿಲಿಗೆ ಬರಲಾಗದಿದ್ದರೆ ಏನಾಯಿತು ಎಂದು ಅಮ್ಮ ಬಿರಿಯಾನಿಯ ಡೇಗ್ಚಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಳು. ಜೈನಾಬಿ ನಿನ್ನ ಜೊತೆ ಮೂರು ವಾರ ಇದ್ದಳು. ಹೋಗುವ ಮೊದಲು ನೀನು ಹೇಳಿದೆಯಂತೆ — ಅಲ್ಲಿಂದ ಹೊಸದಾಗಿ ಕಾಗದ ಕಳಿಸುತ್ತೇನೆ, ಇನ್ನೊಮ್ಮೆ ಅರ್ಜಿ ಹಾಕೋಣ ಎಂದು. ಅವಳು ಅದನ್ನು ನನಗೆ ಹೇಳುವಾಗ ಹುಡುಗಿಯ ಹಾಗಿದ್ದಳು.

ನಿನಗೆ ಚಾಮರಾಜನಗರ ಸ್ಟೇಷನ್ನಿನಲ್ಲಿ ನೀನು ಹೊರಟ ದಿನದ ಆ ಪ್ಲಾಟ್‌ಫಾರಂ ನೆನಪಿರಬೇಕು. ಮೊದಲ ಅರ್ಜಿ ಏಕೆ ಬಿದ್ದುಹೋಯಿತೆಂದು ವಿಚಾರಿಸಲು ನಿನ್ನ ತಂದೆ ಹಿಂದಿನ ದಿನ ಮೈಸೂರಿಗೆ ಹೋಗಿದ್ದರು. ಅವರು ಬಂದ ರೈಲೇ ತಿರುಗಿ ಹೊರಡುವಾಗ ನೀನು ಹತ್ತಬೇಕಾಗಿತ್ತು. ಅವರು ಇಳಿದವರೇ ನಿನ್ನನ್ನು ಬದಿಗೆ ಕರೆದು ಏನೋ ಹೇಳಿದರು. ನಿನ್ನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ನೀನು ನನ್ನ ಹತ್ತಿರ ಬಂದೆ. ಜೈನಾಬಿ ಹೆಂಗಸರ ಜೊತೆ ಬುರ್ಖಾದಲ್ಲಿ, ನೀರಿನ ಕೊಳಾಯಿಯ ಪಕ್ಕ ನಿಂತಿದ್ದಳು. ನೀನು ಅತ್ತ ಒಮ್ಮೆ ನೋಡಿದೆ. ಆದರೆ ಕೇಳಿದ್ದು ನನ್ನನ್ನು.

"ಸತ್ತಾರ್ ಭಾಯಿ, ತಾನೇ ಬರಲ್ಲ ಅಂದಳಂತೆ. ಫೈಲಿನಲ್ಲಿ ಹಾಗೇ ಇದೆಯಂತೆ. ಹೌದಾ?"

ಆಗ ಹೇಳಬಹುದಿತ್ತು. ಎಂಜಿನ್ನು ಇನ್ನೂ ನೀರು ತುಂಬಿಕೊಳ್ಳುತ್ತಿತ್ತು, ಹೊತ್ತು ಬೇಕಾದಷ್ಟಿತ್ತು. ನಾನು ಹೇಳಿದ್ದು ಇಷ್ಟು:

"ಅಮ್ಮನನ್ನು ಬಿಟ್ಟು…"

ವಾಕ್ಯವನ್ನು ನಾನು ಮುಗಿಸಲಿಲ್ಲ. ನೀನೇ ಮುಗಿಸಿಕೊಂಡೆ. ನನ್ನ ಭುಜದ ಮೇಲೆ ಕೈಯಿಟ್ಟು, ಅವಳನ್ನು ಏನೂ ಕೇಳಬೇಡ, ನೊಂದುಕೊಳ್ಳುತ್ತಾಳೆ, ಎಂದೆ. ನನ್ನ ಬಗ್ಗೆ ನಿನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಬಂದಿದ್ದರೆ — ಅಲ್ಲೇ ನನ್ನ ಕಪಾಳಕ್ಕೆ ಹೊಡೆದಿದ್ದರೆ —

ಆಮೇಲೆ ನೀನು ಅವಳನ್ನು ಕಾಗದದಲ್ಲಾದರೂ ಏಕೆ ಕೇಳಲಿಲ್ಲವೆಂದು ಯೋಚಿಸುತ್ತೇನೆ. ಉತ್ತರ ನನಗೆ ಗೊತ್ತಿದೆ. ಆ ಕಾಗದವನ್ನು ಓದುವವನು ನಾನು. ಗಂಡ ಹೆಂಡತಿಯನ್ನು ಕೇಳುವ ಅಂಥ ಮಾತನ್ನು ಅಣ್ಣನ ಬಾಯಲ್ಲಿ ಹೇಳಿಸಲು ನಿನಗೆ ಸಂಕೋಚ. ನೀನು ಬರೆದದ್ದು ಹೀಗಿತ್ತು: "ಹೊಸ ಅರ್ಜಿಯ ವಿಷಯ ಸದ್ಯಕ್ಕೆ ಬೇಡ. ನಿನಗೆ ಅಲ್ಲೇ ಇರುವುದು ಹಿತವಾದರೆ ಇರು. ನನಗೆ ಕೋಪವಿಲ್ಲ."

ನಾನು ಅದನ್ನು ಅಕ್ಷರಕ್ಕೆ ಅಕ್ಷರ ಓದಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಹಾಗೇ ಬರೆದಿದ್ದಾರಾ ಭಾಯಿ? ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ.

"ನಾನು ಬೇಡವಾದೆನೇನೋ," ಎಂದಳು. ಮೊರವನ್ನು ಮತ್ತೆ ಎತ್ತಿಕೊಂಡು, "ಬರಿ. ನಾನು ಚೆನ್ನಾಗಿದ್ದೇನೆ, ನೀವೂ ಆರೋಗ್ಯ ನೋಡಿಕೊಳ್ಳಿ ಅಂತ ಬರಿ," ಎಂದಳು. ಅದನ್ನೂ ನಾನು ಹಾಗೆಯೇ ಬರೆದೆ. ನೀನು ಅದನ್ನು ಹೇಗೆ ಓದಿಕೊಂಡಿರಬಹುದೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಮೂರು ವರ್ಷ ಹಾಗೆ ಹೋಯಿತು. ಈದಿಗೊಂದು, ಬಕ್ರೀದಿಗೊಂದು ಕಾಗದ. ಅವಳನ್ನು ಕಳಿಸಲು ಮನಸ್ಸಿಲ್ಲದವರೆಂದು ನಿನ್ನ ತಂದೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಗಂಡನಿಗೇ ಬೇಡವಾದವಳು ಅತ್ತೆಮನೆಗೆ ಯಾವ ಮುಖದಲ್ಲಿ ಹೋಗಲಿ ಎಂದು ಅವಳೂ ಹೋಗಲಿಲ್ಲ. ಬಳೆಯ ವ್ಯಾಪಾರ ಚೆನ್ನಾಗಿ ನಡೆಯಿತು. ಅವಳು ನನ್ನ ಜೊತೆ ಎಲ್ಲ ಊರುಗಳಿಗೂ ಬಂದಳು, ಎಲ್ಲರ ಕೈಗೂ ಬಳೆ ತೊಡಿಸಿದಳು. ಮಾತು ಮಾತ್ರ ಕಡಿಮೆಯಾಗಿತ್ತು. ಭೀಮನಬೀಡಿನ ಆ ಯಜಮಾನಿ ಒಮ್ಮೆ, "ಇನ್ನೂ ಓಗ್ಲಿಲ್ವಾ ಕಣಮ್ಮಿ?" ಎಂದಳು. "ಇಲ್ಲ ಅಕ್ಕ, ಆಗಲಿಲ್ಲ," ಎಂದು ಜೈನಾಬಿ ಮುಂದಿನವಳ ಕೈ ಹಿಡಿದಳು.

ಕಳೆದ ಮಳೆಗಾಲದಲ್ಲಿ ಅವಳಿಗೆ ವಿಷಮಶೀತ ಜ್ವರ ಬಂತು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಎಚ್ಚರ ಚೆನ್ನಾಗಿದ್ದ ಒಂದು ಮಧ್ಯಾಹ್ನ ಕೇಳಿದಳು, "ಅವರಿಗೆ ನನ್ನ ಮೇಲೆ ಏನು ಬೇಸರವಿತ್ತು ಭಾಯಿ? ನಿನಗೇನಾದರೂ ಹೇಳಿದರಾ?" ಬಾಯಿ ತೆರೆದೆ. ನೀರು ಬೇಕೇ ಎಂದು ಕೇಳಿದೆ.

ಅವಳು ತೀರಿಕೊಂಡ ತಂತಿ ತಲುಪಿದ ಮೇಲೆ ನೀನು ಬರೆದ ಕಾಗದ ನನ್ನ ಮುಂದಿದೆ. ಮಣ್ಣಿಗೆ ಬರಲಾಗಲಿಲ್ಲ, ಗೋರಿಯನ್ನಾದರೂ ನೋಡಬೇಕು, ಈ ಸಲ ವೀಸಾದ ಅರ್ಜಿಯಲ್ಲಿ ಗುಂಡ್ಲುಪೇಟೆಯ ಹೆಸರನ್ನೂ ಬರೆಸಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ ಎಂದಿದ್ದೀಯೆ. ಮತ್ತೆ, ಅವಳ ಇಷ್ಟದಂತೆ ಅಮ್ಮನ ಬಳಿಯೇ ಇದ್ದಳಲ್ಲ, ಅದೊಂದು ಸಮಾಧಾನ, ಎಂದು ಬರೆದಿದ್ದೀಯೆ. ಆ ಸಾಲನ್ನು ಓದಿದ ಮೇಲೆ ನಾನು ಈ ಕಾಗದ ಬರೆಯದೆ ಇರಲಾರದಾದೆ. ನೀನು ನಮ್ಮ ಮನೆಯ ಹೊಸ್ತಿಲು ದಾಟಿ ನನ್ನ ಕೈಯಿಂದ ನೀರು ಕುಡಿಯುವ ಮೊದಲು ಇದು ನಿನಗೆ ತಿಳಿದಿರಬೇಕು. ಬಂದ ಮೇಲೆ ನನ್ನೊಡನೆ ಮಾತಾಡುವುದು ಬಿಡುವುದು ನಿನಗೆ ಸೇರಿದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಯಾರನ್ನು ಕೇಳಬೇಕಿತ್ತೋ ಅವಳು ಇಲ್ಲ.

ಅಮ್ಮನಿಗೆ ಮೊನ್ನೆ ಹೇಳಿದೆ. ಅವಳು ಎದ್ದು ಹೋಗಿ ಆ ರಜಾಯಿಗಳನ್ನು ತೆಗೆದು ಬಿಸಿಲಿಗೆ ಹಾಕಿದಳು. ಅಂದಿನಿಂದ ನನ್ನ ಮುಂದೆ ಊಟದ ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ.

ನಿನ್ನೆ ಠಾಣೆಗೂ ಹೋಗಿದ್ದೆ. ಆ ದಫೇದಾರರು ವರ್ಗವಾಗಿ ಹೋಗಿದ್ದಾರೆ. ಅಂದು ನಾನು ಕೊಟ್ಟ ಹೇಳಿಕೆ ಸುಳ್ಳು, ಅದನ್ನು ತಿದ್ದಿ ಬರೆದುಕೊಳ್ಳಿ ಎಂದು ಈಗಿನವರನ್ನು ಕೇಳಿದೆ. "ಅರ್ಜಿ ಕೊಟ್ಟೋರೇ ಇಲ್ವಲ್ಲಪ್ಪ, ಇನ್ಯಾಕೆ? ಆ ಕಾಗ್ದ ಎಲ್ಲೋ ಮೈಸೂರಲ್ಲಿ ಕಟ್ಟಿಟ್ಟಿರ್ತಾರೆ. ಓಗು," ಎಂದರು.

ಆ ಕಾಗದದಲ್ಲಿ ನನ್ನ ಮಾತಿದೆ, ನನ್ನ ರುಜುವಿದೆ. ಜೈನಾಬಿ ಹೇಳಿದ್ದು ಒಂದು ಸಾಲೂ ಇಲ್ಲ.